ಚಿಕ್ಕಮ್ಮ ನಿಜ ಹೇಳತೊಡಗಿದಾಗ

ನಮ್ಮ ಚಿಕ್ಕಮ್ಮನಷ್ಟು ಸೊಗಸಾಗಿ ಸುಳ್ಳು ಹೇಳುವವರು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ! ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆಕೆ ಕಾದಂಬರಿಗಾರ್ತಿ. ವಾರಪತ್ರಿಕೆಯಲ್ಲಿ ಆಕೆಯ ಧಾರಾವಾಹಿ ಓದಿ ಕಣ್ಣೊರೆಸಿಕೊಂಡವರು ನಿಮ್ಮ ಮನೆಯಲ್ಲೂ ಇದ್ದಾರು. ಆದರೆ ಬರೆಯುವ ಮೊದಲು ಕತೆಯನ್ನು ಯಾರಾದರೂ ಪಾಪದವರ ಮೇಲೆ ಪ್ರಯೋಗಿಸಿ ನೋಡುವುದು ಆಕೆಯ ಪದ್ಧತಿ. ಅವರು ನಂಬಿದರೆ ಕಾಗದಕ್ಕೆ, ನಂಬದಿದ್ದರೆ ಒಲೆಗೆ.

ಒಮ್ಮೆ ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಕೂತು ಮಗಳ ಮದುವೆಗೆಂದು ರಾಶಿ ಸೀರೆ ಬಿಚ್ಚಿಸಿದಳು. ವರನ ಜಾತಕ, ಬೀಗಿತ್ತಿಯ ಬಿಂಕ ಎಲ್ಲವನ್ನೂ ವರ್ಣಿಸಿ ಬರಿಗೈಯಲ್ಲಿ ಎದ್ದು ಬಂದಳು. ಆಕೆಗೆ ಮಕ್ಕಳೇ ಇಲ್ಲ! ಮುಂದೆ ಚಿಕ್ಕಪ್ಪ ಪಂಚೆ ಕೊಳ್ಳಲು ಹೋದಾಗ ಅಂಗಡಿಯವರು, "ಮಗಳ ಮದುವೆ ಆಯ್ತಾ ಸಾರ್?" ಎಂದು ಕೇಳಿದರು. ಚಿಕ್ಕಪ್ಪ ಮುಖ ಸಪ್ಪಗೆ ಮಾಡಿ, "ಮುರಿದು ಹೋಗೋ ಹಾಗೆ ಕಾಣುತ್ತೆ. ಮುಂದಿನ ವಾರದ ಸಂಚಿಕೆಯಲ್ಲಿ ಗೊತ್ತಾಗುತ್ತೆ" ಎಂದರಂತೆ.

ಕಳಸದ ಬಸ್ಸಿನದು ಇನ್ನೂ ಚೆಂದ. ಪಕ್ಕದಲ್ಲಿ ಕೂತ ಹೆಂಗಸಿಗೆ, ಗಂಡ ಇನ್ನೊಂದು ಮದುವೆಯಾಗಿದ್ದಾನೆ, ತವರಿಗೆ ಹೊರಟಿದ್ದೇನೆ ಎಂದಳು. ಆ ತಾಯಿ ಅತ್ತು, ದೇವಸ್ಥಾನಕ್ಕೆ ಒಯ್ಯುತ್ತಿದ್ದ ಬಾಳೆಹಣ್ಣು ಕಿತ್ತು ತಿನ್ನಿಸಿ, "ಅವನು ಉದ್ಧಾರ ಆಗಲ್ಲ ಬಿಡು" ಎಂದಳು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಮುಂದಕ್ಕೆ ಬಾಗಿ, "ಖಂಡಿತ ಆಗಲ್ಲ. ನಂಗೂ ಒಂದು ಹಣ್ಣು ಕೊಡಿ" ಎಂದರು!

ಅಂಥ ಚಿಕ್ಕಪ್ಪ ಕಳೆದ ಮಳೆಗಾಲ ಮುಗಿದ ಮೇಲೆ, ತೋಟಕ್ಕೆ ಗೊಬ್ಬರ ಹಾಕಿಸುತ್ತಿದ್ದಾಗ ಎದೆ ಹಿಡಿದು ಕುಸಿದರು. ಆಸ್ಪತ್ರೆ ತಲುಪಲಿಲ್ಲ.

ಅಲ್ಲಿಗೆ ಚಿಕ್ಕಮ್ಮನ ಸುಳ್ಳೂ ನಿಂತಿತು. ನಿಜ ಹೇಳತೊಡಗಿದಳು! ಇದಕ್ಕಿಂತ ಭಯದ ಸಂಗತಿ ಉಂಟೇ? "ಚೆನ್ನಾಗಿದ್ದೀರಾ?" ಎಂದವರಿಗೆ ನಾವು ನೀವೆಲ್ಲ ಏನನ್ನುತ್ತೇವೆ? ಆಕೆ "ಇಲ್ಲ" ಎನ್ನುತ್ತಿದ್ದಳು. ಕೇಳಿದವರು ಚಪ್ಪಲಿ ಹುಡುಕುತ್ತಿದ್ದರು. ಮದುವೆಗೆ ಕರೆಯಲು ಬಂದವರಿಗೆ, "ಬರಲ್ಲ, ನಗೋರನ್ನ ನೋಡೋಕಾಗಲ್ಲ" ಎಂದಳು. ಅರ್ಧಕ್ಕೆ ನಿಂತ ಕಾದಂಬರಿಯನ್ನು ಕೇಳಿದ ಸಂಪಾದಕರಿಗೆ, "ಬರೆಯೋದು ಹೋಯ್ತು" ಎಂದು ಫೋನ್ ಇಟ್ಟುಬಿಟ್ಟಳು. ನನ್ನೊಡನೆ ಮಾತ್ರ ಒಮ್ಮೆ, "ತಲೆಯೊಳಗೆ ಯಾರೂ ಮಾತಾಡ್ತಿಲ್ಲ ಕಣೇ. ದಿನಾ ಕಾಗದ ಮುಂದಿಟ್ಟು ಕೂತು ನೋಡ್ತೀನಿ" ಎಂದಳು. ಬರೆಯದೆ ಈ ಹೆಂಗಸು ಬದುಕುವುದಾದರೂ ಹೇಗೆ?

ಈ ಮಾರ್ಚ್‌ನಲ್ಲಿ ನಾನು ಆಕೆಯ ತೋಟದ ಮನೆಗೆ ಹೋಗಿದ್ದೆ. ಕಾಫಿ ಗಿಡಗಳಲ್ಲಿ ಮೊಗ್ಗು ಕಟ್ಟಿ, ಎಸ್ಟೇಟಿನವರೆಲ್ಲ ಅದನ್ನು ಅರಳಿಸುವ ಹೂಮಳೆಗೆ ಕತ್ತು ನೋಯುವಷ್ಟು ಆಕಾಶ ನೋಡುವ ಕಾಲ. ಒಂದು ಸಂಜೆ ಬಂದೇ ಬಂತು. ನಮ್ಮ ಕಡೆ ಮಳೆ ನಿಲ್ಲುವ ಮುಂಚೆಯೇ ಫೋನುಗಳು ಶುರು: ನಿಮ್ಮಲ್ಲಿ ಎಷ್ಟು ಇಂಚು, ನಮ್ಮಲ್ಲಿ ಎಷ್ಟು ಇಂಚು! ಪ್ರತಿ ಅಂಗಳದಲ್ಲೂ ಮಳೆ ಅಳೆಯುವ ಡಬ್ಬ, ಪ್ರತಿ ಯಜಮಾನರಿಗೂ ಪಕ್ಕದವರಿಗೆ ಜಾಸ್ತಿ ಬಿತ್ತೇನೋ ಎಂಬ ಚಿಂತೆ.

ಫೋನು ಹೊಡೆದುಕೊಂಡಿತು. ಚಿಕ್ಕಮ್ಮ ಹಲೋ ಎನ್ನುವ ಮೊದಲೇ ಪಕ್ಕದ ತೋಟದ ಗೌಡರು, ಚಿಕ್ಕಪ್ಪನ ಜೀವದ ಗೆಳೆಯರು, ಕೋಣೆಗೆಲ್ಲ ಕೇಳುವಂತೆ, "ಎಷ್ಟು ಬಿತ್ತು ಮಾರಾಯ?" ಎಂದರು. ಚಿಕ್ಕಪ್ಪನನ್ನೇ ಕೇಳುವ ಅಷ್ಟು ವರ್ಷದ ಅಭ್ಯಾಸವನ್ನು ನಾಲಗೆ ಮರೆಯಬೇಕಲ್ಲ! ಮರುಗಳಿಗೆ "ಅಯ್ಯೋ!" ಎಂದರು. ಗೆಳೆಯನ ಚಟ್ಟಕ್ಕೆ ಹೆಗಲು ಕೊಟ್ಟವರು ಅವರೇ. ಚಿಕ್ಕಮ್ಮ ಈಗ ನಿಜ ಹೇಳುತ್ತಾಳೆ, ಇಬ್ಬರೂ ಅಳುತ್ತಾರೆ ಎಂದುಕೊಂಡೆ.

"ಇರಿ ಗೌಡ್ರೇ, ಅಳೆಯೋಕೆ ಅಂಗಳಕ್ಕೆ ಹೋಗಿದ್ದಾರೆ" ಎಂದಳು ಚಿಕ್ಕಮ್ಮ. "ಕೊಡೆ ತಗೊಳ್ಳಿ ಅಂದ್ರೆ ಕೇಳ್ತಾರಾ?"

ಗೌಡರ ಒಡೆದ ದನಿ ಬಂತು. "ಬೈಬೇಡಿ ಅತ್ತಿಗೆ. ನಿಧಾನಕ್ಕೆ ಬರ್ಲಿ. ನಾನು ಕಾಯ್ತೀನಿ."

ಕನ್ನಡಕ ಒಳಗೇ ಮರೆತು ಹೋದದ್ದು, ಬನಿಯನ್ ಮೈಗಂಟಿದ್ದು, ಗೆರೆ ಕಾಣದೆ ಡಬ್ಬದೊಳಗಿನ ಅಳತೆಯ ಗಾಜನ್ನು ಆಕಾಶಕ್ಕೆ ಹಿಡಿದು ಇಣುಕುತ್ತಿರುವುದು... ಚಿಕ್ಕಮ್ಮ ಹೇಳುತ್ತಲೇ ಹೋದಳು, ಗೌಡರು ಹೂಂಗುಟ್ಟುತ್ತಲೇ ಹೋದರು. ಫೋನು ಇಟ್ಟವಳೇ ಕಾಗದ ಎಳೆದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಏನು ಮಾಡಲೂ ತೋಚದೆ ನಾನು ಕೊಡೆ ಹಿಡಿದು, "ಎಷ್ಟು ಬಿದ್ದಿದೆ, ನೋಡಿ ಬರ್ತೀನಿ" ಎಂದೆ.

"ಬೇಡ, ಕೂತ್ಕೋ" ಎಂದಳು ತಲೆ ಎತ್ತದೆ. "ಅಳೆದಾದ್ರೆ ಒಳಗೆ ಬರಬೇಕಲ್ಲ, ಎಲ್ಲಿಂದ ಬರ್ತಾರೆ? ಇನ್ನೂ ಸ್ವಲ್ಪ ಹೊತ್ತು ಅಂಗಳದಲ್ಲೇ ಇರ್ಲಿ ನಿಮ್ಮ ಚಿಕ್ಕಪ್ಪ."