ಮಾಸ್ತರರ ಅಟ್ಟದ ಕಿರ್ರೆನ್ನುವ ಹಲಗೆ

ಹಳೆಯ ಮನೆಗಳ ಅಟ್ಟಕ್ಕೆ ಹಲಗೆ ಬದಲಿಸುವುದು ನನ್ನ ಕಸುಬು. ಅಟ್ಟದ ಮೇಲೆ ಕುಳಿತವನಿಗೆ ಕೆಳಗಿನವರ ಗುಟ್ಟು ಯಾವುದಾದರೂ ಸಂದಿಯಿಂದ ಕೇಳಿಯೇ ಕೇಳುತ್ತದೆ, ಬೇಡವೆಂದರೂ ಬಿಡದು. ಬೆಳಕಿಂಡಿಯ ಬಿಸಿಲು, ಅದರಲ್ಲಿ ತೇಲುವ ಕಟ್ಟಿಗೆಯ ಪುಡಿ, ಕೆಳಗಿನ ಒಗ್ಗರಣೆಯ ವಾಸನೆ ಎಲ್ಲ ಸೇರಿ, ಎಚ್ಚರವಿದ್ದೇನೋ ಕನಸು ಕಾಣುತ್ತಿದ್ದೇನೋ ಗೊತ್ತಾಗುವುದಿಲ್ಲ.

ಚಹಾ

ಚಿಕ್ಕೇರೂರಿನ ಒಂದು ಮನೆ. ಅಲ್ಲಿನ ಹಿರಿಯರು ಅಟ್ಟದಲ್ಲಿ ಮಲಗುವವರು. ಚಹಾ ಬೇಕಾದರೆ ಹಲಗೆ ಬಡಿಯುತ್ತಿದ್ದರು. "ಮ್ಯಾಲೆ ಬಡದ ಸಪ್ಪಳ ಬಂದ್ರ ಚಾ ಒಯ್ದು ಕೊಡವಾ" ಎಂದು ಹೊಸ ಸೊಸೆಗೆ ಮೊದಲೇ ಹೇಳಿಟ್ಟಿದ್ದರು. ಅಂದು ಹಿರಿಯರೂ ಸೇರಿ ಎಲ್ಲರೂ ಹೊಲಕ್ಕೆ ಹೋಗಿದ್ದರು. ನಾನು ಮೊಳೆ ಹೊಡೆದೆ, ಚಹಾ ಬಂತು. ಇನ್ನೊಂದು ಹೊಡೆದೆ, ಮತ್ತೆ ಬಂತು. ಕಡೆಗೆ ಆಕೆಯೇ ಕೈಮುಗಿದಳು.

"ಅಣ್ಣಾರ, ಹಾಲು ತೀರೇತ್ರಿ. ಉಳದದ್ದಕ್ಕ ಸ್ಕ್ರೂ ಹಾಕ್ರಿ!"

ನಿಂಬೆಹಣ್ಣು

ಶಿಗ್ಗಾಂವಿಯ ಮನೆಯಲ್ಲಿ ಕೆಲಸ ಶುರು ಮಾಡುವ ಮೊದಲು ನನ್ನ ಪದ್ಧತಿಯಂತೆ ಉಳಿ, ಸುತ್ತಿಗೆಗಳ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು ಕೈಮುಗಿದೆ. ಕಣ್ಣು ತೆರೆಯುವಷ್ಟರಲ್ಲಿ ಅದು ಉರುಳಿ, ಮುರಿದ ಹಲಗೆಯ ಸಂದಿಯಿಂದ ಅಡುಗೆಮನೆಗೆ ಬಿದ್ದಿತ್ತು, ಅದೂ ಮನೆಯೊಡತಿಯ ಮುಂದೆಯೇ. "ಅಯ್ಯಯ್ಯೋ, ಯಾರೋ ಮಾಟ ಮಾಡ್ಯಾರ!" ಎಂದು ಆಕೆ ಕೂಗಿದ್ದಕ್ಕೆ ಇಡೀ ಓಣಿ ಕೂಡಿತು. ನಾನು ಪಾಪ, ಸಂದಿಯಲ್ಲಿ ಮುಖ ಇಟ್ಟು, "ಅವ್ವಾರ, ಅದು ನಂದ್ರಿ!" ಎಂದೆ.

ಮಾಟ ಮಾಡಿದವನು ತಾನಾಗಿ ಒಪ್ಪಿಕೊಂಡದ್ದು ಆ ಓಣಿಯಲ್ಲಿ ಅದೇ ಮೊದಲಂತೆ.

ಕಿರ್ರ್

ಸವಣೂರಿನ ನಿವೃತ್ತ ಮಾಸ್ತರರು "ಹಗಲು ಮಲಗಿದವನ ಬಾಳು ಹಾಳು" ಎಂದು ಓಣಿಗೆಲ್ಲ ಬುದ್ಧಿ ಹೇಳಿದವರು. ತಾವು ಮಾತ್ರ ಉಂಡ ಮೇಲೆ ಅಟ್ಟ ಹತ್ತಿ ಸಂಜೆಯವರೆಗೂ 'ಓದುತ್ತಿದ್ದರು'. ಅಟ್ಟದ ಹಲಗೆ ಬದಲಿಸಲು ಅವರ ಹೆಂಡತಿ ನನ್ನನ್ನು ಕರೆಸಿದ್ದರು. ಮೆಟ್ಟಿಲ ತುದಿಯ ಹಲಗೆಗೆ ಕೈ ಹಾಕಿದ್ದೇ ತಡ, ಮಾಸ್ತರರು ಓಡಿ ಬಂದರು.

"ಅದೊಂದ ಮುಟ್ಟಬ್ಯಾಡೋ ಮಾರಾಯಾ! ಯಾರರ ಕಾಲಿಟ್ರ ಕಿರ್ರ್ ಅಂತೈತಿ, ನಾ ಎದ್ದು ಪುಸ್ತಕ ಹಿಡಿತೇನಿ. ಅದು ಸುಮ್ಮನಾತಂದ್ರ ನನ್ನ ಮಾನ ಹೋತು!"

ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು. ಆದರೆ ಆ ಹಲಗೆಯನ್ನು ಗೆದ್ದಲು ತಿಂದಿತ್ತು. ಹಾಗೇ ಬಿಟ್ಟರೆ ಮಾನದ ಮೊದಲು ಕಾಲು ಹೋಗುತ್ತಿತ್ತು. ಬದಲಿಸಿದೆ. ಕಿರ್ರೆನ್ನಲೆಂದು ಮೊಳೆ ಸಡಿಲಿಸಿ ನೋಡಿದೆ, ಹಾರಿ ತುಳಿದು ನೋಡಿದೆ. ಹೊಸ ಸಾಗವಾನಿ ಹಲಗೆ, ತುಟಿ ಪಿಟಕ್ಕೆನ್ನಲಿಲ್ಲ. ಮಾಸ್ತರರಿಗೆ ಅದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಮಧ್ಯಾಹ್ನ ಮಾಸ್ತರರು ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ನಾನು ಮೂಲೆಯಲ್ಲಿ ಹಲಗೆ ಉಜ್ಜುತ್ತಾ ತೂಕಡಿಸುತ್ತಿದ್ದೆ. ಅವರ ಹೆಂಡತಿ ಎಲೆ ಅಡಿಕೆಯ ತಟ್ಟೆ ಹಿಡಿದು ಮೇಲೆ ಬಂದರು. ಹಲಗೆ ತುಳಿದರು. ಸಪ್ಪಳವಿಲ್ಲ. ಮತ್ತೊಮ್ಮೆ ಒತ್ತಿ ತುಳಿದರು. ಊಹೂಂ.

ಅವರು ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. "ಸಿಕ್ಕಬಿದ್ರ ಭಾಳ ನೊಂದ್ಕೋತಾರಪ್ಪಾ. ಅದಕ್ಕ ದಿನಾ ಬೇಕಂತನ ತುಳದು ಬರ್ತಿದ್ದೆ" ಎಂದು ಪಿಸುಗುಟ್ಟಿದರು. ಆಮೇಲೆ ಸದ್ದಿಲ್ಲದೆ ನಾಲ್ಕು ಮೆಟ್ಟಿಲು ಕೆಳಗಿಳಿದು, ಬಾಯಿಂದಲೇ ಗಟ್ಟಿಯಾಗಿ, "ಕಿರ್ರ್ರ್!" ಎಂದರು.

ಮಾಸ್ತರರು ದಡಕ್ಕನೆ ಎದ್ದು ಪುಸ್ತಕ ಹಿಡಿದರು. ನನ್ನತ್ತ ವಾಲಿ, ಕಣ್ಣು ತುಂಬಿ ಪಿಸುಗುಟ್ಟಿದರು:

"ಭೇಷ್ ಬಡಿಗೇರ! ಹಳೇದಕ್ಕಿಂತ ಹೊಸಾ ಹಲಗೀನ ಚಂದ ಕೂಗ್ತೈತಿ!"