ಮೇಷ್ಟ್ರ ಮನೆಯ ವೇದಪುಸ್ತಕಕ್ಕೆ ನಾನು ಒತ್ತಿದ ಮೊಹರು

ಮೂವತ್ತು ವರ್ಷ ಕಡೂರಿನಲ್ಲಿ ಪತ್ರ ಬರೆದು ಬದುಕಿದವನು ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಯಾವುದೇ ಇರಲಿ, ಕಾಗದ ಕೈಗೆ ಬಂದೊಡನೆ ಮೋಸ ಎಲ್ಲಿದೆ ಎಂದು ಹುಡುಕುವುದು ನನ್ನ ಮೊದಲ ಕೆಲಸ. ಮದುವೆಯ ಆಮಂತ್ರಣವನ್ನೂ ಎರಡು ಸಲ ಓದಿ, ಹಿಂದೆ ತಿರುಗಿಸಿ ನೋಡಿ, ಆಮೇಲೆ ಊಟಕ್ಕೆ ಹೊರಡುವ ಪೈಕಿ! ಇಂಥವನಿಗೆ ಒಂದು ಧರ್ಮಗ್ರಂಥವನ್ನು ಸ್ವಂತವಾಗಿ ಓದಿ ಅರ್ಥ ಮಾಡಿಕೊಳ್ಳುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಪಕ್ಕದ ಮನೆಯ ಡೇವಿಡ್ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ಅವರು ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, ಇಪ್ಪತ್ತೈದು ವರ್ಷದಿಂದ ನನ್ನ ಸಂಜೆಯ ಕಾಫಿಗೆ ಜೊತೆ. ಒಂದು ಸಂಜೆ ಅವರ ಜಗಲಿಯಲ್ಲಿ ಕೂತು, "ನಿಮ್ಮ ವೇದಪುಸ್ತಕ ಕೊಡಿ ಮೇಷ್ಟ್ರೇ, ಎಲ್ಲೆಲ್ಲಿ ಹುಳುಕಿದೆ ಅಂತ ಒಂದು ವಾರದಲ್ಲಿ ಹೇಳ್ತೀನಿ" ಎಂದೆ.

ಮೇಷ್ಟ್ರು ನಕ್ಕರು. "ಧಾರಾಳವಾಗಿ ಓದಿ. ಆದ್ರೆ ಒಬ್ರೇ ಓದೋದಾದ್ರೆ ನಿಧಾನ ಬೇಕು ಕಣ್ರೀ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಹಿಂದೇನಿದೆ, ಮುಂದೇನಿದೆ ನೋಡ್ಬೇಕು. ತಿಳೀದಿದ್ರೆ ಬರ್ದಿಟ್ಕೊಂಡು ಕೇಳ್ಬೇಕು. ತೀರ್ಪು ಕೊಡೋಕೆ ಅವಸರ ಮಾಡ್ಬಾರ್ದು."

"ಇದನ್ನೆಲ್ಲ ನನಗೆ ಹೇಳ್ತೀರಾ?" ಎಂದು ಎದೆ ಉಬ್ಬಿಸಿದೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ. ಮೇಷ್ಟ್ರ ಮನೆಯಲ್ಲಿ ದೊಡ್ಡ ಅಕ್ಷರದ ಬೈಬಲ್ ಒಂದೇ ಇತ್ತು, ಕಪ್ಪು ರಟ್ಟಿನದು, ಅವರ ಅಪ್ಪನ ಕಾಲದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. "ಭಾನುವಾರ ಮೊಮ್ಮಗಳಿಗೆ ಚರ್ಚಲ್ಲಿ ಹೆಸರಿಡ್ತೀವಿ. ನಮ್ಮನೆ ಮಕ್ಕಳ ಹೆಸರೆಲ್ಲ ಅಪ್ಪ ಇದರ ಮೊದಲ ಹಾಳೇಲಿ ಬರೀತಿದ್ರು. ಅವಳದ್ದೂ ಅಲ್ಲೇ ಬರೀಬೇಕು. ಅಷ್ಟರೊಳಗೆ ಕೊಟ್ಬಿಡಿ. ಜೋಪಾನ."

"ನನ್ನ ಕೈಯಲ್ಲಿ ಇವತ್ತಿನವರೆಗೂ ಒಂದು ಕಾಗದ ಹಾಳಾಗಿಲ್ಲ!" ಎಂದೆ. ಹಾಗೆಂದ ಬಾಯಿಗೆ ಈಗ ಏನು ಹಾಕಬೇಕೋ ತಿಳಿಯದು.

ಮನೆಯಲ್ಲಿ ನನ್ನ ಹೆಂಡತಿ ಸರೋಜಳಿಗೆ ಮೊದಲ ದಿನವೇ ಅನುಮಾನ ಬಂತು.

"ರೀ, ಮೊನ್ನೆ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಂದ್ರಲ್ಲ, ಡಾಕ್ಟ್ರು ಏನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ. ಯಾಕೆ?"

"ಜನ್ಮದಲ್ಲಿ ದೇವ್ರ ಪುಸ್ತಕ ಮುಟ್ಟಿದೋರಲ್ಲ. ಇದ್ದಕ್ಕಿದ್ದಂಗೆ ಹಿಡ್ಕೊಂಡು ಕೂತಿದೀರಿ. ನನ್ ಹತ್ರ ಮುಚ್ಚಿಡ್ಬೇಡಿ."

"ಅಯ್ಯೋ, ಅದರಲ್ಲಿ ತಪ್ಪು ಹುಡುಕ್ತಿದೀನಿ ಕಣೇ."

"ನಲವತ್ತು ವರ್ಷ ನನ್ನಲ್ಲಿ ಹುಡುಕಿದ್ದು ಸಾಲ್ದಾ?" ಎಂದು ಒಳಗೆ ಹೋದಳು. ನನ್ನ ಮಾತು ನಂಬಲಿಲ್ಲ ಎಂಬುದು ಊಟಕ್ಕೆ ಕೂತಾಗ ತಿಳಿಯಿತು. ಸಾರಿಗೆ ಉಪ್ಪೇ ಇರಲಿಲ್ಲ.

ಮೂರನೆಯ ದಿನ ಬಿತ್ತನೆಯ ಕಥೆಯೊಂದು ಸಿಕ್ಕಿತು. ಬಿತ್ತುವವನ ಬೀಜ ಒಂದಷ್ಟು ದಾರಿಯ ಮೇಲೆ, ಒಂದಷ್ಟು ಬಂಡೆಯ ಮೇಲೆ, ಒಂದಷ್ಟು ಮುಳ್ಳಿನಲ್ಲಿ ಬೀಳುತ್ತದಂತೆ. ಪಂಚನಹಳ್ಳಿಯಲ್ಲಿ ರಾಗಿ ಬಿತ್ತಿದ ವಂಶ ನನ್ನದು. ಇಂಥವನನ್ನು ನಮ್ಮಪ್ಪ ಹೊಲದ ಬದುವಿಗೂ ಹತ್ತಿಸುತ್ತಿರಲಿಲ್ಲ. ಸಿಕ್ಕಿಬಿತ್ತು! ಮುದ್ದೆಯನ್ನು ಅರ್ಧಕ್ಕೆ ಬಿಟ್ಟು, ಪುಸ್ತಕ ಹಿಡಿದು ಪಕ್ಕದ ಮನೆಗೆ ಓಡಿದೆ.

"ಇವನೆಂಥ ರೈತ ಮೇಷ್ಟ್ರೇ? ದಾರಿಗೆ ಯಾರಾದ್ರೂ ಬೀಜ ಚೆಲ್ತಾರಾ?"

"ಅದರ ಅರ್ಥ ಓದಿದ್ರಾ?"

"ಅರ್ಥ ಎಲ್ಲಿದೆ?"

"ಅಲ್ಲೇ, ಸ್ವಲ್ಪ ಕೆಳಗೆ. ಶಿಷ್ಯರೇ ಕೇಳಿದ್ರು, ಬಿಡಿಸಿ ಹೇಳಿದ್ದೂ ಇದೆ. ಬೀಜ ಅಂದ್ರೆ ಮಾತು, ನೆಲ ಅಂದ್ರೆ ಕೇಳೋರ ಮನಸ್ಸು."

ಪುಟ ತಿರುಗಿಸಿದೆ. ಇತ್ತು! ಮನೆಗೆ ಬಂದರೆ ಮುದ್ದೆ ಆರಿ ಕಲ್ಲಾಗಿತ್ತು.

ಸೋಲು ಒಪ್ಪಲು ನಾನೇನು ಎಳೆಯನೇ? ಮರುದಿನ ಇನ್ನೊಂದು ಹಿಡಿದೆ. ಒಂದೇ ಘಟನೆಯನ್ನು ನಾಲ್ಕು ಜನ ಬರೆದಿದ್ದಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಿಟ್ಟಿದ್ದಾರೆ. "ಸಾಕ್ಷಿಗಳ ಮಾತು ತಾಳೆ ಆಗ್ತಿಲ್ಲ" ಎಂದು ಜಗಲಿಯಲ್ಲಿ ಘೋಷಿಸಿದೆ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ನಾಲ್ಕೂ ಜನ ಉರು ಹೊಡ್ದಂಗೆ ಒಂದೇ ಮಾತು ಹೇಳಿದ್ರೆ ನೀವು ನಂಬ್ತಿದ್ರಾ?"

ಅಕ್ಷರ ಬಿಡದೆ ಒಂದೇ ಮಾತು ಒಪ್ಪಿಸುವ ಸಾಕ್ಷಿಗಳನ್ನು ಕಂಡರೆ, ಇವರನ್ನು ಯಾರೋ ಕರೆತಂದಿದ್ದಾರೆ ಎಂದು ನಾನೇ ಎಷ್ಟು ಸಲ ಅಂದಿದ್ದೇನೋ! ಭಾನುವಾರದೊಳಗೆ ಒಂದಾದರೂ ತಪ್ಪು ಹಿಡಿಯದಿದ್ದರೆ ನನ್ನ ಮೂವತ್ತು ವರ್ಷದ ಹೆಸರು ಏನಾಗಬೇಕು?

ಶನಿವಾರ ಮಧ್ಯಾಹ್ನ ಹತಾಶನಾಗಿ ಮೊದಲ ಹಾಳೆ ತೆರೆದೆ. ಮೇಷ್ಟ್ರ ತಂದೆಯ ಮುದ್ದಾದ ಕೈಬರಹ. ಮೇರಿ, ಮಗಳು, ಹುಟ್ಟಿದ್ದು ಫೆಬ್ರವರಿ. ಡೇವಿಡ್, ಮಗ, ಹುಟ್ಟಿದ್ದು ಜೂನ್. ವರ್ಷ ನೋಡಿದೆ. ಎರಡಕ್ಕೂ ಒಂದೇ ವರ್ಷ! ನಾಲ್ಕೇ ತಿಂಗಳ ಅಂತರದಲ್ಲಿ ಒಬ್ಬ ತಾಯಿಗೆ ಎರಡು ಮಕ್ಕಳೇ?

"ಸರೋಜಾ, ಸಿಕ್ತು ಕಣೇ!" ಎಂದು ಕೂಗಿದೆ.

"ರಿಪೋರ್ಟಾ?" ಎಂದು ಅವಳು ಅಡುಗೆಮನೆಯಿಂದ ಗಾಬರಿಯಾಗಿ ಓಡಿಬಂದಳು.

ಲೆಕ್ಕದ ಮೇಷ್ಟ್ರ ಹುಟ್ಟಿದ ವರ್ಷದಲ್ಲೇ ಲೆಕ್ಕ ತಪ್ಪಿದೆ! ಅವರಿಗೊಂದು ಉಪಕಾರ ಮಾಡೋಣ ಎನಿಸಿತು. ಕೆಂಪು ಪೆನ್ನು ತೆಗೆದು, ವರ್ಷವನ್ನು ಹೊಡೆದುಹಾಕಿ, ಮುಂದಿನ ವರ್ಷ ಬರೆದೆ. ಕೆಳಗೆ, "ಮೇಲ್ಕಂಡ ಸಾಲಿನಲ್ಲಿ ಕಂಡುಬಂದ ತಪ್ಪನ್ನು ತಿದ್ದಲಾಗಿದೆ" ಎಂದು ಶಾಸ್ತ್ರೋಕ್ತವಾಗಿ ನಮೂದಿಸಿ ರುಜು ಹಾಕಿದೆ. ಅಭ್ಯಾಸ ನೋಡಿ, ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಪತ್ರ ಬರಹಗಾರನ ಹಳೆಯ ಮೊಹರೂ ಬಿತ್ತು, ಠಪ್!

ಅದನ್ನು ಮೇಷ್ಟ್ರ ಮುಂದೆ ಬಿಚ್ಚಿ ಹಿಡಿದಾಗ ಶಹಬ್ಬಾಸ್ ಅನ್ನುತ್ತಾರೆಂದು ಕಾದೆ. ಅವರ ಮುಖದ ನಗು ಇಳಿಯಿತು. ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು.

"ಅದು ತಪ್ಪಲ್ಲ" ಎಂದರು. "ನಾನು ಪಕ್ಕದ ಮನೆ ಕೂಸು. ಹೆತ್ತೋಳು ಹೆರಿಗೇಲೇ ಹೋದ್ಳು. ಅಮ್ಮ ಆಗ ಮೇರಿಗೆ ಹಾಲು ಕುಡಿಸ್ತಿದ್ರು. ನನ್ನೂ ಎತ್ಕೊಂಡ್ರು. ಸಾಕುಮಗ ಅಂತ ಬರೀಬೇಕಾ ಅಂತ ಅಮ್ಮ ಕೇಳಿದ್ರಂತೆ. ಮಗ ಅಂತ ಬರೆದ್ರೆ ಸಾಕು ಅಂದ್ರಂತೆ ಅಪ್ಪ."

ಇಪ್ಪತ್ತೈದು ವರ್ಷ ಜೊತೆಗೆ ಕಾಫಿ ಕುಡಿದರೂ ನನಗಿದು ಗೊತ್ತಿರಲಿಲ್ಲ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಕೇಳದೆ ಕೆಂಪು ಗೆರೆ ಎಳೆದಿದ್ದೆ. ನಾಚಿಕೆಯಿಂದ ಕಣ್ಣು ತುಂಬಿತು.

"ಹೊಸ ಹಾಳೇಲಿ ಬರ್ಕೊಡ್ತೀನಿ ಮೇಷ್ಟ್ರೇ..."

"ಅಪ್ಪನ ಅಕ್ಷರ ಎಲ್ಲಿಂದ ತರ್ತೀರಿ?" ಎಂದು ಪೆನ್ನು ನನ್ನ ಕೈಗೇ ಕೊಟ್ಟರು. "ನೀವೇ ಹೊಡೆದಿದ್ದು, ನೀವೇ ಸರಿ ಮಾಡಿ."

ಮೊಹರಿನ ಕೆಳಗೆ ಬರೆದೆ: "ಮೇಲ್ಕಂಡ ತಿದ್ದುಪಡಿಯು ಪತ್ರ ಬರಹಗಾರನ ದಡ್ಡತನದಿಂದ ಆಗಿದ್ದು, ಈ ಮೂಲಕ ರದ್ದುಪಡಿಸಿದೆ. ಮೂಲ ಬರಹವೇ ಸರಿ." ಮತ್ತೆ ರುಜು. ಓದಿದ ಮೇಷ್ಟ್ರು ತಡೆಯಲಾರದೆ ನಕ್ಕುಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಭಾನುವಾರ ಮೊಮ್ಮಗಳ ಹೆಸರು ಅದರ ಕೆಳಗೇ ಬಿತ್ತು. ಆ ಮನೆಯಲ್ಲಿ ಹುಟ್ಟದೆ ಆ ಹಾಳೆ ಸೇರಿದವರು ಈಗ ಇಬ್ಬರು. ಒಬ್ಬರನ್ನು ಪ್ರೀತಿಯಿಂದ ಸೇರಿಸಿಕೊಂಡರು. ಇನ್ನೊಬ್ಬ ತಾನೇ ಮೊಹರು ಒತ್ತಿಕೊಂಡು ನುಗ್ಗಿದ!