ಭಾವನ ಮನೆಯ ಹಳೇ ಬೆಲೆ

ಮುಳಬಾಗಿಲಿನ ಒಂದು ಮನೆಗೆ 2001ರ ಏಪ್ರಿಲ್ ಒಂದನೇ ತಾರೀಖು ಎಷ್ಟು ಬೆಲೆ ಇತ್ತೆಂಬುದು ಊರಿನಲ್ಲಿ ಒಬ್ಬರಿಗೂ ನೆನಪಿಲ್ಲ ಎಂಬ ಗಂಭೀರ ಸಂಗತಿ ಈಚೆಗೆ ಬೆಳಕಿಗೆ ಬಂದಿದೆ. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯಿಂದಲೂ ಇಂಥದೇ ವರದಿಗಳಿವೆ. ಹಳೇ ಮನೆ ಮಾರುವವರು ಇರುವವರೆಗೆ ಇವು ಬರುತ್ತಲೇ ಇರುತ್ತವೆ. ಮುಳಬಾಗಿಲಿನ ಮನೆ ನನ್ನ ಅಕ್ಕನ ಗಂಡನದಾದ್ದರಿಂದ ಆ ಪ್ರಕರಣವನ್ನು ಮಾತ್ರ ನಾನು ಕಣ್ಣಾರೆ ಕಂಡೆ.

ಭಾವ ಮನೆ ಮಾರಿ, ಟೇಕಲ್ ಹತ್ತಿರದ ತೋಟದಲ್ಲಿ ರೇಷ್ಮೆ ಹುಳು ಸಾಕಲು ಒಂದು ಹುಳುಮನೆ ಕಟ್ಟಿಸುವವರಿದ್ದರು. ಅದಕ್ಕೆ ಶೀಟು ಹೊದಿಸಿದರೆ ಬೇಸಿಗೆಯಲ್ಲಿ ಹುಳು ಬೆಂದು ಹೋಗುತ್ತವೆ, ಕಾಂಕ್ರೀಟಿನ ಮೋಲ್ಡೇ ಹಾಕಿಸಬೇಕು ಎಂದು ಅವರ ಹಟ. ತೆರಿಗೆ ಕಟ್ಟಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಆ ಮೋಲ್ಡು ನಿಂತಿತ್ತು.

ಆಡಿಟರು ಯಾರ ಕಡೆ?

ಕೋಲಾರದ ಆಡಿಟರು ವಿಷಯವನ್ನು ಬಿಡಿಸಿ ಹೇಳಿದರು. "ಮಾರಿದ ಬೆಲೆಯಲ್ಲಿ ಹಳೇ ಬೆಲೆ ಕಳೀತೀವಿ. ಉಳಿದಿದ್ದು ಲಾಭ. ಆ ಲಾಭಕ್ಕೆ ತೆರಿಗೆ. ನಿಮ್ಮ ತಂದೆ ಕಟ್ಟಿಸಿದ ಕಾಲದ ಬೆಲೆ ಬದಲು 2001ರ ಏಪ್ರಿಲ್ ಒಂದರ ಬೆಲೆ ತಗೋಬಹುದು ಅಂತ ಕಾನೂನೇ ಇದೆ."

"ಅಂದ್ರೆ ಆ ಬೆಲೆ ಕಡಿಮೆ ತೋರಿಸಬೇಕು" ಎಂದರು ಭಾವ, ಅನುಭವಸ್ಥರ ಧಾಟಿಯಲ್ಲಿ.

"ಅಲ್ಲ ಸಾರ್. ಅದು ಎಷ್ಟು ಜಾಸ್ತಿ ಇದ್ರೆ ನಿಮಗೆ ಅಷ್ಟು ಒಳ್ಳೇದು."

ಭಾವ ಎದ್ದರು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಲೇ ಬಾಮೈದ, ಬೇರೆ ಆಡಿಟರ್‌ನ ನೋಡೋ. ಸರ್ಕಾರಕ್ಕೆ ಮನೆ ಬೆಲೆ ಜಾಸ್ತಿ ಹೇಳು ಅಂತಾನಲ್ಲ, ಇವನು ಅವರ ಕಡೆಯೋನೇ ಕಣೋ."

ಬ್ರೋಕರ ಜ್ಞಾಪಕಶಕ್ತಿ

ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯಲ್ಲಿ ಕೂರುವ ಹಳೇ ಬ್ರೋಕರಿಗೆ ಊರಿನ ಪ್ರತಿ ಮನೆಯ ಬೆಲೆಯೂ ಗೊತ್ತೆಂದು ಪ್ರತೀತಿ. ಅಲ್ಲಿಗೆ ಹೋದೆವು. ಅವರು ಟೀ ಮುಗಿಯುವವರೆಗೆ ಯೋಚಿಸಿ ಕೇಳಿದರು:

"ನೀವು ಕೊಳ್ಳೋರಾ, ಮಾರೋರಾ?"

"2001ರಲ್ಲಿ ಎರಡೂ ಅಲ್ಲ. ಸುಮ್ಮನೆ ವಾಸ ಇದ್ವಿ."

"ಅಯ್ಯೋ ರಾಮಾ. ಕೊಳ್ಳೋರಿಗೆ ಒಂದು ಬೆಲೆ, ಮಾರೋರಿಗೆ ಒಂದು ಬೆಲೆ. ಸುಮ್ಮನೆ ಇರೋರಿಗೆ ನಾನು ಯಾವತ್ತೂ ಹೇಳಿದ್ದೇ ಇಲ್ಲವಲ್ಲಣ್ಣಾ."

ಭಾವ ಇನ್ನೊಂದು ಟೀ ಹೇಳಿ ಬೇಡಿಕೊಂಡರು. ಬ್ರೋಕರ ಮನಸ್ಸು ಕರಗಿತು.

"ಆಯ್ತು, ಹೇಳ್ತೀನಿ. ಬೆಲೆ ಆವತ್ತಿಂದು. ಕಮಿಷನ್ ಮಾತ್ರ ಇವತ್ತಿಂದು."

ಎದುರುಮನೆಯ ಕಾಫಿ

ಬೇರೆ ಆಡಿಟರು ಸಿಗದ ಕಾರಣ ಮೊದಲಿನವರಿಗೇ ಫೋನು ಮಾಡಿದೆವು. ಅದೇ ಬೀದಿಯಲ್ಲಿ ಆ ಹೊತ್ತಿಗೆ ಮಾರಾಟವಾದ ಮನೆಯ ಕ್ರಯಪತ್ರ ಸಿಕ್ಕರೆ ಅನುಕೂಲ ಎಂದರು. ಎದುರುಮನೆಯವರು ಸರಿಯಾಗಿ ಆ ವರ್ಷವೇ ಮನೆ ಕೊಂಡಿದ್ದರು. ಕೂರಿಸಿ ಕಾಫಿ ಕೊಟ್ಟರು.

"ಎಷ್ಟಕ್ಕೆ ತಗೊಂಡ್ರಿ?" ಎಂದು ಭಾವ ಕೇಳಿದರು.

"ಪತ್ರದಲ್ಲಿರೋದಾ, ಕೊಟ್ಟಿದ್ದಾ?"

"ಕೊಟ್ಟಿದ್ದು."

ಅವರು ಹೇಳಿದರು. ಭಾವನ ಮುಖ ಅರಳಿತು. ಆ ಲೆಕ್ಕ ಹಿಡಿದರೆ ಹುಳುಮನೆಗೆ ಮೋಲ್ಡು ಬಿದ್ದು, ಅದರ ಮೇಲೊಂದು ರೂಮು ಸಹ ಏಳುತ್ತಿತ್ತು.

"ಅದರದ್ದೊಂದು ಕಾಪಿ ಕೊಡಿ."

"ಅದಕ್ಕೆಲ್ಲಿದೆ ಪತ್ರ? ಕಡಿಮೆ ಬರೆಸ್ರೀ, ಸ್ಟ್ಯಾಂಪ್ ಖರ್ಚು ಉಳಿಯುತ್ತೆ ಅಂತ ಆವತ್ತು ಹೇಳಿಕೊಟ್ಟೋರೇ ನೀವು. ಮರೆತುಬಿಟ್ರಾ?"

ಕಾಫಿ ಚೆನ್ನಾಗಿತ್ತು.

ಮಹಡಿಯ ಮೇಲಿನ ಟ್ಯಾಂಕು

ಕೊನೆಗೆ ಆಡಿಟರೇ ಒಬ್ಬ ಮೌಲ್ಯಮಾಪಕರನ್ನು ಗೊತ್ತುಮಾಡಿದರು. ಮನೆ ಅಳೆದು, ಕಾಗದಪತ್ರ ನೋಡಿ, ಇಂಥ ಕಾಲಕ್ಕೆ ಇಷ್ಟು ಬೆಲೆ ಇತ್ತೆಂದು ಬರೆದುಕೊಡುವ ಇಂಜಿನಿಯರ್ ಅವರು. ಹಿಂದಿನ ದಿನವೇ ಭಾವ ಮನೆಯಲ್ಲಿ ಎಲ್ಲರಿಗೂ ಹೇಳಿದರು: "ನಾಳೆ ಟ್ಯಾಕ್ಸ್ ವಿಷಯಕ್ಕೆ ಒಬ್ಬರು ಬರ್ತಾರೆ. ಹುಷಾರಾಗಿರಿ."

ಈ ಎಚ್ಚರಿಕೆಯನ್ನು ಶ್ರದ್ಧೆಯಿಂದ ಸ್ವೀಕರಿಸಿದವರು ಭಾವನ ತಾಯಿ. ಬೀದಿಗೆಲ್ಲ ಅವರು ಅಜ್ಜಿ. ಮನೆ ಕಂದಾಯ ಹೆಚ್ಚಿಸಲು ಟೇಪು ಹಿಡಿದು ಬಂದವರನ್ನೆಲ್ಲ ವರ್ಷಾನುಗಟ್ಟಲೆ ಜಗಲಿಯಲ್ಲೇ ಸೋಲಿಸಿ ಕಳಿಸಿದವರು.

ಮೌಲ್ಯಮಾಪಕರು ಬಂದಾಗ ಭಾವ ಬಿಸ್ಕತ್ತು ತರಲು ಅಂಗಡಿಗೆ ಹೋಗಿದ್ದರು. ಟೇಪು ಬಿಚ್ಚಿದ್ದೇ ತಡ, ಅಜ್ಜಿ ಶುರು ಮಾಡಿದರು.

"ಏಮಪ್ಪಾ, ಇದನ್ನೂ ಮನೆ ಅಂತ ಅಳೀತೀಯಾ? ಮಳೆ ಬಂದ್ರೆ ಒಳಗೇ ಛತ್ರಿ ಹಿಡ್ಕೊಂಡು ಕೂತಿರ್ತೀವಿ. ಆ ಗೋಡೆ ಮುಟ್ಟಬೇಡ, ನಿನ್ನ ಮೇಲೇ ಬಿದ್ದೀತು."

"ಅತ್ತೆ, ಇವರು ಕಂದಾಯದೋರಲ್ಲ…" ಎಂದೆ.

"ನೀನು ಸುಮ್ಕಿರು. ಸೊಸೆ ತಮ್ಮ ನೀನು. ಈ ಮನೆ ಕಷ್ಟ ನಿನಗೇನು ಗೊತ್ತು?"

ಮೌಲ್ಯಮಾಪಕರ ಕಣ್ಣು ಮೆಟ್ಟಿಲ ಮೇಲೆ ಬಿತ್ತು. "ಮೇಲೆ ಏನಿದೆ ಅಜ್ಜಿ?"

"ನೀರಿನ ಟ್ಯಾಂಕು."

ಮೇಲಿದ್ದದ್ದು ಎರಡು ರೂಮು. ಅವುಗಳಲ್ಲಿ ಬಾಡಿಗೆಗಿದ್ದವನು ನರಸಾಪುರದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿನಲ್ಲಿ ಬಂದು ಮಲಗಿದ್ದ. ಅಜ್ಜಿ ಮುಂಜಾಗ್ರತೆಯಾಗಿ ಹೊರಗಿನಿಂದ ಚಿಲಕ ಹಾಕಿದ್ದರು.

ಟ್ಯಾಂಕು ಕೆಮ್ಮಿತು.

ಮೌಲ್ಯಮಾಪಕರು ನನ್ನನ್ನು ನೋಡಿದರು. ನಾನು ಟೇಪನ್ನು ನೋಡಿದೆ. ಅಷ್ಟರಲ್ಲಿ ಟ್ಯಾಂಕು ಬಾಗಿಲು ಬಡಿಯತೊಡಗಿತು. "ಅಜ್ಜೀ, ಯಾರೋ ಚಿಲಕ ಹಾಕ್ಬಿಟ್ಟವ್ರೆ, ಬಂದು ತೆಗೀರಿ!"

ಆ ಹೊತ್ತಿಗೆ ಭಾವ ಬಿಸ್ಕತ್ತಿನೊಂದಿಗೆ ಓಡಿ ಬಂದರು. "ಮೇಲೆ ಎರಡು ರೂಮಿದೆ ಸಾರ್! ತೇಗದ ಬಾಗಿಲು! ಎಲ್ಲ 2001ಕ್ಕೆ ಮುಂಚೇನೇ ಕಟ್ಟಿಸಿದ್ದು!"

ಅದು ನಿಜ. ಅಕ್ಕನ ಮದುವೆಯ ಬೀಗರೂಟಕ್ಕೆ ಹೋದಾಗ ನಾನೇ ಅಲ್ಲಿ ಮಲಗಿದ್ದೆ. ಅದು 2001ಕ್ಕಿಂತ ಎಷ್ಟೋ ಹಿಂದಿನ ಮಾತು.

ಅಜ್ಜಿ ಮಗನನ್ನು ಮರುಕದಿಂದ ನೋಡಿ, ಮೌಲ್ಯಮಾಪಕರ ಕಡೆ ತಿರುಗಿದರು. "ಅವನ ಮಾತು ನಂಬಬೇಡಪ್ಪ. ಅದನ್ನ ಇನ್ನೂ ಕಟ್ಟೇ ಇಲ್ಲ."

ಮೌಲ್ಯಮಾಪಕರು ಆ ಕಾಲದ ಕಂದಾಯದ ರಸೀದಿ ಕೇಳಿದರು. ಅಕ್ಕ ತಂದುಕೊಟ್ಟಳು. ಎಲ್ಲದರಲ್ಲೂ ಕೆಳಗಿನ ಮನೆ ಮಾತ್ರ ಇತ್ತು. ಅಜ್ಜಿ ಒಂದು ವರ್ಷವೂ ಸೋತಿರಲಿಲ್ಲ.

"ಕಣ್ಣಿಗೆ ಕಾಣ್ತಾ ಇದೆಯಲ್ಲ ಸಾರ್!" ಎಂದರು ಭಾವ.

"ಇವತ್ತು ಕಾಣ್ತಾ ಇದೆ. ಆವತ್ತು ಇತ್ತು ಅನ್ನೋದಕ್ಕೆ ದಾಖಲೆ ಬೇಕು."

"ನೋಡ್ದಾ?" ಎಂದರು ಅಜ್ಜಿ ನನಗೆ.

ಮೌಲ್ಯಮಾಪಕರು ಕೆಳಗಿನ ಮನೆಗಷ್ಟೇ ಬೆಲೆ ಬರೆದುಕೊಟ್ಟರು. ಭಾವ ಮನೆ ಮಾರಿ ತೆರಿಗೆ ಕಟ್ಟಿದರು. ಹುಳುಮನೆಗೆ ಶೀಟು ಹೊದಿಸಿ, ಮೇಲೆ ತೆಂಗಿನ ಗರಿ ಹರಡಿದ್ದಾರೆ.